ಮದುವೆ ಮೆರವಣಿಗೆಯಲ್ಲಿ ಮಾಯವಾದ ಪಿಯಾನೊ

ಪ್ರಶ್ನೆ: ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮ ಮನೆ. ಬಿ.ಕಾಂ. ಕೊನೆಯ ವರ್ಷದಲ್ಲಿದ್ದೇನೆ. ಮನೆಯಲ್ಲಿ ಅಜ್ಜನ ಕಾಲದ ಪೇಟಿ (ಹಾರ್ಮೋನಿಯಂ) ಇದೆ, ಎಂಟನೆಯ ವಯಸ್ಸಿನಿಂದ ಭಜನೆಯಲ್ಲಿ ನುಡಿಸುತ್ತಿದ್ದೇನೆ. ಒಂದು ವರ್ಷದಿಂದ ಲ್ಯಾಪ್‌ಟಾಪಿನಲ್ಲಿ ಪಿಯಾನೊ ಇರುವ ಡ್ಯಾನ್ಸ್ ಸಂಗೀತ ಮಾಡಲು ಪ್ರಯತ್ನಿಸುತ್ತಿದ್ದೇನೆ. ಸ್ವರಗಳನ್ನೆಲ್ಲ ಮೌಸ್‌ನಿಂದಲೇ ಬರೆಯುತ್ತೇನೆ. ಮೊಬೈಲಿನ ಇಯರ್‌ಫೋನಿನಲ್ಲಿ ಚೆನ್ನಾಗಿಯೇ ಕೇಳಿಸುತ್ತದೆ. ಆದರೆ ಕಳೆದ ತಿಂಗಳು ಸೋದರಮಾವನ ಮಗನ ಮದುವೆಯ ಮೆರವಣಿಗೆಯಲ್ಲಿ ಡಿಜೆಯವರಿಗೆ ಕೊಟ್ಟು ಹಾಕಿಸಿದಾಗ ಪಿಯಾನೊ ಕೇಳಿಸಲೇ ಇಲ್ಲ, ಬರೀ ಗುಂಯ್ ಎನ್ನುವ ಬೇಸ್. ಮನೆಯಲ್ಲಿ ಕೇಳಿದ ಗೆಳೆಯನೊಬ್ಬ ‘ಶಾಲೆಯ ಪ್ರಾರ್ಥನೆಯ ಹಾಗಿದೆ’ ಎಂದ. ನನ್ನ ಬಳಿ 25 ಸಾವಿರ ರೂಪಾಯಿ ಇದೆ. ಸ್ಪೀಕರ್ ಕೊಳ್ಳಲೇ, ಒಳ್ಳೆಯ ಪಿಯಾನೊ ಸಾಫ್ಟ್‌ವೇರ್ ಕೊಳ್ಳಲೇ? ಎರಡೂ ಕೈಯಿಂದ ನುಡಿಸಲು ನನಗೆ ಬರುವುದಿಲ್ಲ, ಎಡಗೈ ತಿದಿಗೇ ಒಗ್ಗಿಹೋಗಿದೆ. ಕೋಣೆ 10 ಅಡಿ ಅಗಲ, 12 ಅಡಿ ಉದ್ದ, ನೆಲಕ್ಕೆ ಶಹಾಬಾದ್ ಪರಸಿ ಕಲ್ಲು. ಹಾಡಿನ ಕಡತವನ್ನು ಜೊತೆಗೆ ಕಳುಹಿಸಿದ್ದೇನೆ. ಅದಕ್ಕೆ ಭಜನೆ ಮಂಡಳಿಯ ಹಿರಿಯರ ಧ್ವನಿಯಲ್ಲಿ ತತ್ವಪದದ ಒಂದು ಸಾಲು ಸೇರಿಸಬೇಕೆಂಬ ಆಸೆಯೂ ಇದೆ.

ಉತ್ತರ: ನಿಮ್ಮ ಹಾಡನ್ನು ಮೂರು ಬಾರಿ ಕೇಳಿದೆ, ಕಡತವನ್ನು ಬಿಚ್ಚಿಯೂ ನೋಡಿದೆ. ಒಂದು ತಿಂಗಳು ಆ 25 ಸಾವಿರವನ್ನು ಮುಟ್ಟಬೇಡಿ. ಸ್ವರಗಳ ಆಯ್ಕೆ ಚೆನ್ನಾಗಿದೆ, ತಾಳ ಎಲ್ಲೂ ತಪ್ಪಿಲ್ಲ. ತೊಂದರೆ ಇರುವುದು ಕೈಯಲ್ಲಿ. ಮೌಸ್ ಹಿಡಿದು ಬರೆದಿದ್ದರೂ ನೀವು ಬರೆದಿರುವುದು ಪೇಟಿಯನ್ನು.

ಪೇಟಿಯ ಮನೆಯನ್ನು, ಅಂದರೆ ಬೆರಳಿನಿಂದ ಒತ್ತುವ ಪಟ್ಟಿಯನ್ನು, ಮೆಲ್ಲಗೆ ಒತ್ತಿದರೂ ಗುದ್ದಿದರೂ ಧ್ವನಿ ಒಂದೇ. ಏರಿಳಿತವೆಲ್ಲ ತಿದಿಯದು. ಬೆರಳು ಎತ್ತುವವರೆಗೆ ಸ್ವರ ನಿಂತೇ ಇರುತ್ತದೆ, ಆದ್ದರಿಂದಲೇ ಸ್ವರ ಕಡಿಯದಂತೆ ಒಂದು ಮನೆಯಿಂದ ಇನ್ನೊಂದಕ್ಕೆ ಜಾರಬೇಕೆಂದು ಪೇಟಿ ಮಾಸ್ತರರು ಮೊದಲ ದಿನದಿಂದ ಹೇಳಿಕೊಡುತ್ತಾರೆ. ಪಿಯಾನೊದ ಒಳಗೆ ನಡೆಯುವುದೇ ಬೇರೆ. ಬೆರಳು ಬಿದ್ದೊಡನೆ ಒಂದು ಸಣ್ಣ ಸುತ್ತಿಗೆ ತಂತಿಗೆ ಬಡಿದು ಹಿಂದೆ ಸರಿಯುತ್ತದೆ, ಬಡಿದ ಕ್ಷಣದಿಂದಲೇ ಸ್ವರ ಸಾಯತೊಡಗುತ್ತದೆ. 1700ರ ಸುಮಾರಿಗೆ ಇಟಲಿಯ ಬಾರ್ತೊಲೊಮಿಯೊ ಕ್ರಿಸ್ಟೊಫೊರಿ ಈ ವಾದ್ಯವನ್ನು ಕಟ್ಟಿದ್ದೇ ಮೆಲುದನಿ, ಜೋರು ಎರಡೂ ಬೆರಳಿನ ಹೊಡೆತದಿಂದ ಹುಟ್ಟಲಿ ಎಂದು. ‘ಪಿಯಾನೊಫೋರ್ಟೆ’ ಎಂಬ ಹೆಸರಿನ ಅರ್ಥವೂ ಅಷ್ಟೇ: ಮೆಲ್ಲಗೆ, ಜೋರಾಗಿ. ನೋಡಲು ಪೇಟಿಯ ಅಣ್ಣನಂತಿದ್ದರೂ ಗುಣದಲ್ಲಿ ಅದು ಬಡಿದು ನುಡಿಸುವ ಹಲಗೆಯ ಕಡೆಯ ನೆಂಟ. ಡ್ಯಾನ್ಸ್ ಸಂಗೀತದಲ್ಲಂತೂ ಪೂರ್ತಿ ಹಲಗೆಯೇ.

ನಿಮ್ಮ ಕಡತದಲ್ಲಿ ಪ್ರತಿಯೊಂದು ಕಾರ್ಡ್, ಅಂದರೆ ಒಟ್ಟಿಗೆ ಒತ್ತುವ ಸ್ವರಗಳ ಗುಂಪು, ನಾಲ್ಕು ಬೀಟಿನಷ್ಟು ಉದ್ದಕ್ಕೆ ಎಳೆದಿದೆ. ವೆಲಾಸಿಟಿ, ಅಂದರೆ ಹೊಡೆತದ ಜೋರು, ಎಲ್ಲಕ್ಕೂ 100. ಶಾಲೆಯ ಪ್ರಾರ್ಥನೆ ಎಂದ ಗೆಳೆಯನ ಕಿವಿ ಸರಿಯಾಗಿದೆ, ಅವನ ಮೇಲೆ ಮುನಿಸಿಕೊಳ್ಳಬೇಡಿ.

ಈಗ ಕೈ ತಿದ್ದುವ ಕೆಲಸ. ತೀನ್‌ತಾಲದ 16 ಮಾತ್ರೆಗಳನ್ನು ನೆನೆಸಿಕೊಳ್ಳಿ. ಸಾಫ್ಟ್‌ವೇರಿನಲ್ಲಿ ಒಂದು ಬಾರ್ ಎಂದರೆ ಅಂಥದ್ದೇ 16 ಮನೆಗಳ ಸಾಲು. ಕಿಕ್ ಡ್ರಮ್, ಅಂದರೆ ದಪ್ಪ ದನಿಯ ಡೋಲು, 1, 5, 9, 13ರ ಮೇಲೆ ಬೀಳುತ್ತದೆ, ಪ್ರತಿ ವಿಭಾಗದ ಮೊದಲ ಮಾತ್ರೆಗೆ ಒಂದರಂತೆ. ನೀವು ಪಿಯಾನೊವನ್ನೂ 1ರ ಮೇಲೆ, ಕಿಕ್ಕಿನ ಜೊತೆಗೇ ಇಟ್ಟಿದ್ದೀರಿ. ಅದನ್ನು 1, 4, 7, 10, 13, 15ಕ್ಕೆ ಸರಿಸಿ. ಮೌಸ್ ಮುಟ್ಟುವ ಮೊದಲು ಬಾಯಲ್ಲಿ ಹೇಳಿಕೊಳ್ಳಿ: ತಕಿಟ ತಕಿಟ ತಕಿಟ ತಕಿಟ ತಕ ತಕ. ನಾಲ್ಕು ಮೂರಲ ಹನ್ನೆರಡು, ಎರಡೆರಡಲ ನಾಲ್ಕು, ಒಟ್ಟು 16. ಪ್ರತಿ ‘ತ’ಕ್ಕೆ ಒಂದು ಚಪ್ಪಾಳೆ, ಕಾಲು ಮಾತ್ರ ನಾಲ್ಕು ನಾಲ್ಕು ಮಾತ್ರೆಗೆ ಒಮ್ಮೆ ಪರಸಿಯ ಮೇಲೆ. ಕೈ ಮತ್ತು ಕಾಲು ಕೂಡುವುದು ಎರಡೇ ಕಡೆ, 1 ಮತ್ತು 13ರಲ್ಲಿ. ನಡುವಿನ ಹೊಡೆತಗಳಲ್ಲಿ 4 ಕಾಲಿಗಿಂತ ಒಂದು ಮಾತ್ರೆ ಮೊದಲು ಬಂದುಬಿಡುತ್ತದೆ, 7 ಎರಡು ಹೆಜ್ಜೆಗಳ ಮಧ್ಯದಲ್ಲಿ ಬೀಳುತ್ತದೆ, 10 ಒಂದು ಮಾತ್ರೆ ತಡವಾಗುತ್ತದೆ. ಪಿಯಾನೊ ಕಿಕ್ಕಿನಿಂದ ಹೀಗೆ ತಪ್ಪಿಸಿಕೊಂಡು ಓಡಾಡಿ 13ರಲ್ಲಿ ಮತ್ತೆ ಸಿಕ್ಕಿಬೀಳುತ್ತದೆ. ಕೇಳುವವನ ಹೆಗಲು ಅಲುಗುವುದು ಈ ಆಟಕ್ಕೆ. ಮೂರು ಸಲ ಮರುಕಳಿಸಿ ಸಮಕ್ಕೆ ಬಂದು ಮುಟ್ಟುವ ತಿಹಾಯಿ ಕೇಳಿ ತಲೆದೂಗಿದವರಿಗೆ ಇದನ್ನು ನಾನು ಹೆಚ್ಚು ವಿವರಿಸಬೇಕಿಲ್ಲ.

1 ಮತ್ತು 13ಕ್ಕೆ ವೆಲಾಸಿಟಿ 110ರ ಆಸುಪಾಸು ಇರಲಿ, ಉಳಿದವು 75ರಿಂದ 95ರ ನಡುವೆ ಏರಿಳಿಯಲಿ. 127ರ ತುದಿಗೆ ಹೋಗಬೇಡಿ. ಪ್ರತಿ ಹೊಡೆತದ ಉದ್ದ ಒಂದು ಮಾತ್ರೆಗಿಂತ ಕಡಿಮೆ. ಹಾಡಿನ ವೇಗ ನಿಮಿಷಕ್ಕೆ 124 ಬೀಟ್ ಇಟ್ಟುಕೊಂಡರೆ, ಬೀಟಿಗೆ ನಾಲ್ಕು ಮಾತ್ರೆಯಂತೆ, ಒಂದು ಮಾತ್ರೆಗೆ ಸುಮಾರು 121 ಮಿಲಿಸೆಕೆಂಡ್ ಆಗುತ್ತದೆ, ಸ್ವರ 80ರಿಂದ 100 ಮಿಲಿಸೆಕೆಂಡಿನಲ್ಲಿ ಮುಗಿಯಲಿ. 15ರದ್ದು ಮಾತ್ರ ಸ್ವಲ್ಪ ಉದ್ದ ಎಳೆಯಬಹುದು, ಅದು ಮುಂದಿನ ಸಮಕ್ಕೆ, ಅಂದರೆ 1ನೆಯ ಮಾತ್ರೆಗೆ, ಕೈ ಹಿಡಿದು ಕರೆದೊಯ್ಯುತ್ತದೆ. ಮಾತ್ರೆಗಳೆಲ್ಲ ಗೆರೆ ಎಳೆದಂತೆ ಕೂತರೆ ಯಂತ್ರದ ವಾಸನೆ ಹೊಡೆಯುತ್ತದೆ. ಸ್ವಿಂಗ್ ಎಂಬ ಗುಂಡಿಯನ್ನು 54ರಿಂದ 57 ಶೇಕಡಾಕ್ಕೆ ತಿರುಗಿಸಿ ನೋಡಿ. 50 ಎಂದರೆ ನೇರ ನಡೆ, ಅದಕ್ಕಿಂತ ಮೇಲೆ ಹೋದಂತೆ ಸರಿಸಂಖ್ಯೆಯ ಮಾತ್ರೆಗಳು ಒಂದು ಕೂದಲಿನಷ್ಟು ಹಿಂದೆ ವಾಲುತ್ತವೆ. ಭಜನೆಯ ಕೆಹರವಾ ತಾಳ ಕಾವೇರಿದಾಗ ತಬಲಾದವರು ಯಾರೂ ಹೇಳಿಕೊಡದೆ ಮಾಡುವುದು ಇದನ್ನೇ.

ಕಾರ್ಡುಗಳ ವಿಷಯಕ್ಕೆ ಬರೋಣ. ನೀವು ಬಿಳಿ ಆರನ್ನು, ಅಂದರೆ ಆರನೆಯ ಬಿಳಿ ಮನೆಯನ್ನು, ಸ ಮಾಡಿಕೊಂಡಿದ್ದೀರಿ. ಅಲ್ಲಿಂದ ಬರೀ ಬಿಳಿ ಮನೆಗಳನ್ನೇ ನುಡಿಸಿದರೆ ಆಸಾವರಿ ಥಾಟ್ ಸಿಗುತ್ತದೆ: ಗ, ಧ, ನಿ ಕೋಮಲ, ಉಳಿದವು ಶುದ್ಧ. ಈ ಸಂಗೀತಕ್ಕೆ ಅದು ಹೇಳಿ ಮಾಡಿಸಿದ ನೆಲ. ಆದರೆ ಪ್ರತಿ ಕಾರ್ಡಿಗೂ ಕೈಯನ್ನು ಪೂರ್ತಿ ಎತ್ತಿ ಇನ್ನೊಂದು ಕಡೆಗೆ ಹಾರಿಸಿದ್ದೀರಿ, ಅದರಿಂದ ಸಂಗೀತ ಮೆಟ್ಟಿಲು ಹತ್ತಿ ಇಳಿದಂತೆ ಕೇಳುತ್ತದೆ. ಬದಲಿಗೆ ಹೀಗೆ ಮಾಡಿ. ಮೊದಲ ಬಾರಿನಲ್ಲಿ ಕೆಳಗಿನಿಂದ ಮೇಲಕ್ಕೆ ನಿ ಸ ಗ ಪ. ಎರಡನೆಯದರಲ್ಲಿ ನಿ ಮಾತ್ರ ಧ ಆಗಲಿ: ಧ ಸ ಗ ಪ. ಒಂದೇ ಬೆರಳು ಕದಲಿದೆ, ಬಣ್ಣ ಪೂರ್ತಿ ಬದಲಾಗಿದೆ. ಮೂರನೆಯದರಲ್ಲಿ ನಿ ರಿ ಮ ಪ. ನಾಲ್ಕನೆಯದರಲ್ಲಿ ಮತ್ತೆ ನಿ ಸ ಗ ಪ. ನಾಲ್ಕು ಬಾರಿನ ಉದ್ದಕ್ಕೂ ಮೇಲಿನ ಪ ಕದಲುವುದೇ ಇಲ್ಲ, ತಂಬೂರಿಯ ತಂತಿಯಂತೆ ನಿಂತಿರುತ್ತದೆ. ಬೇಸ್ ಕೆಳಗೆ ಸ, ಧ, ಪ, ಸ ಎಂದು ನಡೆಯಲಿ. ಪಾಶ್ಚಾತ್ಯ ಪುಸ್ತಕಗಳಲ್ಲಿ ಈ ಕಾರ್ಡುಗಳ ಹೆಸರು ಎ ಮೈನರ್ ಸೆವೆನ್, ಎಫ್ ಮೇಜರ್ ಸೆವೆನ್, ಇ ಮೈನರ್ ಸೆವೆನ್. ಹೆಸರು ನೆನಪಿರದಿದ್ದರೂ ಪರವಾಗಿಲ್ಲ, ಬೆರಳಿಗೆ ನೆನಪಿದ್ದರೆ ಸಾಕು.

ಎಡಗೈ ಬರುವುದಿಲ್ಲ ಎಂಬ ಕೊರಗು ಬಿಡಿ. ಬೇಸ್ ಬೇರೆಯೇ ಒಂದು ವಾದ್ಯ, ಅದನ್ನು ಬೇರೆಯಾಗಿಯೇ ಬರೆಯುತ್ತೀರಿ. ಮೇಲೆ ಹೇಳಿದ್ದೆಲ್ಲ ಬಲಗೈ ಒಂದರ ಕೆಲಸ. ಈ ಬಗೆಯ ಸಂಗೀತಕ್ಕೆ ಹೌಸ್ ಎಂಬ ಹೆಸರು ಬಂದದ್ದು ಚಿಕಾಗೊದ ವೇರ್‌ಹೌಸ್ ಎಂಬ ಕ್ಲಬ್ಬಿನಿಂದ. 1986ರಲ್ಲಿ ಹೌಸ್‌ಗೆ ಪಿಯಾನೊದ ಗುರುತು ಹಾಕಿಕೊಟ್ಟ ಮಾರ್ಷಲ್ ಜೆಫರ್ಸನ್ ಅಂಚೆ ಇಲಾಖೆಯ ನೌಕರರಾಗಿದ್ದವರು, ನುರಿತ ಪಿಯಾನೊ ವಾದಕರೇನಲ್ಲ. ನಿಧಾನಗತಿಯಲ್ಲಿ ನುಡಿಸಿ ದಾಖಲಿಸಿಕೊಂಡು, ಬಳಿಕ ಯಂತ್ರದ ವೇಗ ಏರಿಸಿದರು. ನೀವೂ ಹಾಗೆಯೇ ಮಾಡಿ. ವೇಗವನ್ನು 60ಕ್ಕೆ ಇಳಿಸಿ ವಿಳಂಬಿತದಲ್ಲಿ ನುಡಿಸಿ, ಆಮೇಲೆ 124ಕ್ಕೆ ಏರಿಸಿ. ಹೊಡೆತದ ಸಹಜ ಏರಿಳಿತ ಹಾಗೆಯೇ ಉಳಿಯುತ್ತದೆ, ಮೌಸ್‌ನಿಂದ ಅದನ್ನು ಬರೆಯುತ್ತ ಕೂತರೆ ವಾರ ಬೇಕು.

ಹೀಗಾಗಿ ಒಂದು ತಿಂಗಳು ಕಳೆದ ಮೇಲೆ ಕೊಳ್ಳಬೇಕಾದ ಮೊದಲ ವಸ್ತು ಕೀಬೋರ್ಡ್. 49 ಮನೆಗಳ, ವೆಲಾಸಿಟಿ ಗುರುತಿಸುವ ಯುಎಸ್‌ಬಿ ಕೀಬೋರ್ಡ್ ಸಾಕು, ನಾಲ್ಕು ಸಪ್ತಕ ಸಿಗುತ್ತದೆ. 25 ಮನೆಗಳ ಪುಟ್ಟ ಕೀಬೋರ್ಡ್ ಅಗ್ಗ, ಚೀಲದಲ್ಲೂ ಹಿಡಿಸುತ್ತದೆ. ಆದರೆ ಪೇಟಿಯ ಅಗಲಕ್ಕೆ ಒಗ್ಗಿದ ಬೆರಳಿಗೆ ಅದರ ಸಣ್ಣ ಮನೆಗಳು ಕಿರಿಕಿರಿ. ಎರಡನೆಯದು ಕಿವಿ ಪೂರ್ತಿ ಮುಚ್ಚುವ, ತಂತಿ ಇರುವ ಹೆಡ್‌ಫೋನ್. ಬ್ಲೂಟೂತ್ ಬೇಡವೇ ಬೇಡ, ಬೆರಳು ಒತ್ತಿದ ನೂರು ಮಿಲಿಸೆಕೆಂಡಿಗೂ ಹೆಚ್ಚು ತಡವಾಗಿ ಧ್ವನಿ ಬಂದರೆ ತಾಳ ಗೊತ್ತಿದ್ದವರೂ ಎಡವುತ್ತಾರೆ. ವಿಂಡೋಸ್ ಲ್ಯಾಪ್‌ಟಾಪಿಗೆ ‘ಎಎಸ್‌ಐಒ ಫಾರ್ ಆಲ್’ ಎಂಬ ಉಚಿತ ಡ್ರೈವರ್ ಹಾಕಿ, ನುಡಿಸುವಾಗ ಬಫರ್ (ಧ್ವನಿಯನ್ನು ಕೂಡಿಟ್ಟು ಕಳಿಸುವ ತುಣುಕಿನ ಅಳತೆ) 128 ಇಟ್ಟರೆ ಆ ಬಫರಿನಿಂದಾಗುವ ತಡ ಮೂರು ಮಿಲಿಸೆಕೆಂಡಿನಷ್ಟು. ಸಾಫ್ಟ್‌ವೇರ್ ಯಾವುದಾದರೂ ನಡೆಯುತ್ತದೆ. ನೀವು ಬಳಸುತ್ತಿರುವ ಎಫ್‌ಎಲ್ ಸ್ಟುಡಿಯೊದ ಪ್ರಾಯೋಗಿಕ ಆವೃತ್ತಿಯಲ್ಲಿ ಉಳಿಸಿದ ಕಡತವನ್ನು ಮತ್ತೆ ತೆರೆಯಲು ಪರವಾನಗಿ ಬೇಕು, ಅದೊಂದು ಗಮನದಲ್ಲಿರಲಿ. ರೀಪರ್ 60 ದಿನ ಯಾವ ಕಟ್ಟುಪಾಡೂ ಇಲ್ಲದೆ ಬಳಸಲು ಸಿಗುತ್ತದೆ. ಎಲ್‌ಎಮ್‌ಎಮ್‌ಎಸ್ ಪೂರ್ತಿ ಉಚಿತ.

ಪಿಯಾನೊ ಸಾಫ್ಟ್‌ವೇರಿಗೆ ಒಂದು ರೂಪಾಯಿಯೂ ಬೇಡ. ಯಮಹಾ ಸಿ5 ಗ್ರ್ಯಾಂಡ್ ಪಿಯಾನೊವನ್ನು 16 ಹಂತದ ಹೊಡೆತಗಳಲ್ಲಿ ಧ್ವನಿಮುದ್ರಿಸಿದ ‘ಸಲಮಾಂಡರ್’ ಉಚಿತವಾಗಿಯೇ ಸಿಗುತ್ತದೆ. ಆದರೆ ಅಂಥ ತುಂಬು ದನಿಯ ಪಿಯಾನೊ ಇಲ್ಲಿ ಕೆಲಸಕ್ಕಿಂತ ತೊಂದರೆಯೇ ಹೆಚ್ಚು ಕೊಡುತ್ತದೆ. ಒಂಟಿಯಾಗಿ ಕೇಳಿದಾಗ ಮನಸ್ಸು ತುಂಬುತ್ತದೆ, ಕಿಕ್ ಮತ್ತು ಬೇಸ್ ಬಂದೊಡನೆ ಮೂವರೂ ಒಂದೇ ಬಾಗಿಲಲ್ಲಿ ನುಗ್ಗುತ್ತಾರೆ. ತೊಂಬತ್ತರ ದಶಕದ ಹೌಸ್ ಸಂಗೀತದಲ್ಲಿ ಮತ್ತೆ ಮತ್ತೆ ಕೇಳುವ ಪಿಯಾನೊ 1988ರಲ್ಲಿ ಬಂದ ಕೊರ್ಗ್ ಎಂ1 ಕೀಬೋರ್ಡಿನದು. ಬಡಕಲು, ಚೂಪು, ತುಸು ತಗಡಿನ ದನಿ. ಆ ಬಡಕಲುತನವೇ ಅದರ ಬಂಡವಾಳ, ಯಾರ ಕಾಲನ್ನೂ ತುಳಿಯದೆ ಗುಂಪಿನ ತಲೆಯ ಮೇಲಿಂದ ಕೇಳಿಸುತ್ತದೆ. ಕೊರ್ಗ್ ಕಂಪನಿಯೇ ಅದನ್ನು ಸಾಫ್ಟ್‌ವೇರ್ ರೂಪದಲ್ಲೂ ಮಾರುತ್ತದೆ. ನೀವು ಸಲಮಾಂಡರನ್ನೇ ಇಟ್ಟುಕೊಂಡು 200 ಹರ್ಟ್ಸ್‌ಗಿಂತ ಕೆಳಗಿನದನ್ನು ಫಿಲ್ಟರಿನಿಂದ ಕತ್ತರಿಸಿ, 2ರಿಂದ 4 ಸಾವಿರ ಹರ್ಟ್ಸ್ ನಡುವೆ ಎರಡು ಮೂರು ಡೆಸಿಬಲ್ ಏರಿಸಿದರೂ ಆದೀತು.

ಈಗ ಮೆರವಣಿಗೆಯ ರಹಸ್ಯ. ನೀವು ಪಿಯಾನೊದ ಮೇಲೆ ಧ್ವನಿಯನ್ನು ಅಗಲಿಸುವ ಪ್ಲಗಿನ್ ಹಾಕಿದ್ದೀರಿ. ಇಯರ್‌ಫೋನಿನಲ್ಲಿ ಎಡಕ್ಕೂ ಬಲಕ್ಕೂ ಹರಡಿ ಕೇಳಲು ಹಿತ. ಆದರೆ ಮೆರವಣಿಗೆಯ ವಾಹನದ ಮೇಲೆ ಸಾಮಾನ್ಯವಾಗಿ ಎಡ ಬಲ ಎರಡನ್ನೂ ಕೂಡಿಸಿ ಎಲ್ಲ ಪೆಟ್ಟಿಗೆಗಳಿಗೂ ಒಂದೇ ಧ್ವನಿ ಕೊಡುತ್ತಾರೆ, ಅದು ಮೋನೊ. ಆ ಪ್ಲಗಿನ್ ಎಡದಲ್ಲಿ ಅಲೆಯನ್ನು ಮೇಲಕ್ಕೆತ್ತಿದಾಗ ಬಲದಲ್ಲಿ ಕೆಳಗಿಳಿಸಿರುತ್ತದೆ. ಎರಡನ್ನೂ ಕೂಡಿಸಿದರೆ ಜಮೆ ಖರ್ಚು ಸರಿಹೋಗಿ ಬಾಕಿ ಸೊನ್ನೆ. ಬಿ.ಕಾಂ. ಓದುವವರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಹಾಡನ್ನು ನಾನು ಮೋನೊ ಮಾಡಿ ಕೇಳಿದೆ, ಪಿಯಾನೊ ಅರ್ಧಕ್ಕಿಂತ ಕೆಳಗಿಳಿಯಿತು. ಆ ಪ್ಲಗಿನ್ ಕಿತ್ತುಹಾಕಿ. ಅಗಲ ಬೇಕೆನಿಸಿದರೆ ರಿವರ್ಬ್‌ನಲ್ಲಿ, ಅಂದರೆ ಹೊಡೆತದ ಹಿಂದೆ ಉಳಿಯುವ ಗುಂಗಿನಲ್ಲಿ, ಮಾತ್ರ ಇರಲಿ, ಹೊಡೆತ ಮಧ್ಯದಲ್ಲೇ ಇರಲಿ. ಎಲ್ಲ ವಾದ್ಯಗಳೂ ಸೇರುವ ಮಾಸ್ಟರ್ ಟ್ರ್ಯಾಕಿನಲ್ಲಿ ಮೋನೊ ಗುಂಡಿ ಇಟ್ಟುಕೊಂಡು ಹತ್ತು ನಿಮಿಷಕ್ಕೊಮ್ಮೆ ಒತ್ತಿ ನೋಡಿ.

ಗುಂಯ್ ಎಂದ ಬೇಸ್‌ಗೆ ಕಾರಣ ಇನ್ನೂ ಸರಳ. ಮೊಬೈಲಿನ ಇಯರ್‌ಫೋನ್ ತಳದ ಸ್ವರಗಳನ್ನು ಸರಿಯಾಗಿ ಕೊಡುವುದಿಲ್ಲ, ನಿಮಗೆ ಸಾಲದೆನಿಸಿ ಏರಿಸಿದಿರಿ, ಆಳೆತ್ತರದ ಪೆಟ್ಟಿಗೆಗಳು ಅದನ್ನು ಬಡ್ಡಿ ಸಮೇತ ಹೊರಹಾಕಿದವು. ಹಾಗಾದರೆ ಸ್ಪೀಕರ್ ಕೊಂಡರೆ ಸರಿಹೋಗುತ್ತದೆಯೇ? ನಿಮ್ಮ ಕೋಣೆಯಲ್ಲಿ ಇಲ್ಲ. ಹತ್ತು ಅಡಿ ಅಂತರದ ಎರಡು ಗಟ್ಟಿ ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್‌ನ ಧ್ವನಿ ತಾನೇ ತಾನಾಗಿ ಉಬ್ಬುತ್ತದೆ. ನಿಮ್ಮ ಹಾಡಿನ ಬೇಸ್‌ನ ಸ 55 ಹರ್ಟ್ಸ್. ಅಂದರೆ ಕೋಣೆಯೇ ನಿಮ್ಮ ಸ ಹಿಡಿದು ಹಾಡತೊಡಗುತ್ತದೆ, ನೀವು ಬೇಸ್ ಜಾಸ್ತಿಯಾಯಿತೆಂದು ಇಳಿಸುತ್ತೀರಿ, ಮುಂದಿನ ಮದುವೆಯಲ್ಲಿ ಬೇಸ್ ನಾಪತ್ತೆ. ಸದ್ಯಕ್ಕೆ ಹೆಡ್‌ಫೋನ್ ಸಾಕು. ಜೊತೆಗೆ, ಮೆರವಣಿಗೆಯಲ್ಲಿ ಚೆನ್ನಾಗಿ ಕೇಳಿದ ಬೇರೊಬ್ಬರ ಹಾಡನ್ನು ನಿಮ್ಮ ಹಾಡಿನ ಪಕ್ಕದಲ್ಲಿಟ್ಟು, ಎರಡರ ಧ್ವನಿಮಟ್ಟ ಸರಿಸಮ ಮಾಡಿ ಹೋಲಿಸುತ್ತಿರಿ.

ಪರಸಿ ನೆಲದ ಮೇಲೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಟರ್ರ್ ಎಂದು ಬಾಲ ಹುಟ್ಟುತ್ತದಲ್ಲ, ಹಿರಿಯರ ಧ್ವನಿ ಮುದ್ರಿಸುವಾಗ ಅದು ಕಾಡುತ್ತದೆ. ಮನೆಯಲ್ಲಿ ಕೌದಿಗಳಿದ್ದರೆ ಹಾಡುವವರ ಹಿಂದೆ ಎರಡು, ಪಕ್ಕಕ್ಕೊಂದು ಹಗ್ಗ ಕಟ್ಟಿ ತೂಗುಹಾಕಿ, ಕೆಳಗೊಂದು ಜಮಖಾನೆ ಹಾಸಿ. ನಾಲ್ಕೈದು ಪದರದ ಹಳೆಯ ಕೌದಿ ಈ ಕೆಲಸಕ್ಕೆ ಮಾರುಕಟ್ಟೆಯ ತೆಳು ಸ್ಪಂಜಿಗಿಂತ ಮೇಲು ಎಂಬುದು ನನ್ನ ಅನುಭವ. ತಳದ ಬೇಸ್ ಮಾತ್ರ ಕೌದಿಗೆ ಜಗ್ಗುವುದಿಲ್ಲ, 55 ಹರ್ಟ್ಸ್‌ನ ಒಂದು ಅಲೆಯ ಉದ್ದವೇ 20 ಅಡಿ. ಇನ್ನು ಫ್ಯಾನ್. ಒಂದು ಮೇ ತಿಂಗಳಲ್ಲಿ ಸೆಕೆ ತಾಳಲಾರದೆ ಫ್ಯಾನ್ ಹಾಕಿಕೊಂಡೇ ಗಾಯಕರೊಬ್ಬರ ಧ್ವನಿ ಮುದ್ರಿಸಿದ್ದೆ. ಆ ಫ್ಯಾನಿನ ಕಟಕಟಕ್ಕೆ ಅದರದೇ ಒಂದು ತಾಳವಿತ್ತು, ನನ್ನ ಹಾಡಿನ ತಾಳಕ್ಕೆ ಅದು ಕೊನೆಗೂ ಕೂಡಲಿಲ್ಲ. ಆಮೇಲಿಂದ ನಸುಕಿನ ಐದಕ್ಕೆ ಮುದ್ರಿಸುತ್ತೇನೆ. ಬೇಸಿಗೆಯಲ್ಲಿ ಲ್ಯಾಪ್‌ಟಾಪ್ ಕೂಡ ಕಾದು ವೇಗ ತಗ್ಗಿಸುತ್ತದೆ, ಧ್ವನಿಯಲ್ಲಿ ಚಿಟಪಟ ಶುರುವಾಗುತ್ತದೆ. ನುಡಿಸುವುದು ಮುಗಿದ ಟ್ರ್ಯಾಕುಗಳನ್ನು ಫ್ರೀಜ್ ಮಾಡಿ, ಅಂದರೆ ಸಿದ್ಧ ಧ್ವನಿಯಾಗಿ ಮಾಡಿಟ್ಟು, ಬಫರನ್ನು 1024ಕ್ಕೆ ಏರಿಸಿ.

ಮಿಶ್ರಣದಲ್ಲಿ ಒಂದೇ ಒಂದು ತಂತ್ರ ಕಲಿಯಿರಿ ಎಂದರೆ ನಾನು ಸೈಡ್‌ಚೈನ್ ಎನ್ನುತ್ತೇನೆ. ಅದು ನಿಮಗೆ ಈಗಾಗಲೇ ಗೊತ್ತು. ಭಜನೆಯಲ್ಲಿ ಹಾಡುವವರು ನುಡಿ ಎತ್ತಿಕೊಂಡೊಡನೆ ನೀವು ತಿದಿಯ ಒತ್ತಡ ಇಳಿಸುತ್ತೀರಿ, ಅವರು ಉಸಿರು ತೆಗೆದುಕೊಳ್ಳುವಾಗ ಮತ್ತೆ ತುಂಬುತ್ತೀರಿ. ಇಲ್ಲಿ ಹಾಡುವವರ ಜಾಗದಲ್ಲಿ ಕಿಕ್, ನಿಮ್ಮ ಎಡಗೈಯ ಜಾಗದಲ್ಲಿ ಧ್ವನಿ ತಗ್ಗಿಸುವ ಕಂಪ್ರೆಸರ್. ಕಿಕ್ ಬಿದ್ದಾಗಲೆಲ್ಲ ಬೇಸ್ ಐದಾರು ಡೆಸಿಬಲ್, ಪಿಯಾನೊ ಎರಡು ಮೂರು ಡೆಸಿಬಲ್ ತಲೆ ತಗ್ಗಿಸಿ, ಒಂದು ಮಾತ್ರೆಯೊಳಗೆ, ಅಂದರೆ ಆ 121 ಮಿಲಿಸೆಕೆಂಡಿನಲ್ಲಿ, ಮತ್ತೆ ಎದ್ದು ನಿಲ್ಲಲಿ. ರಿಲೀಸ್, ಅಂದರೆ ಹೀಗೆ ಎದ್ದು ನಿಲ್ಲುವ ಸಮಯ, ಇದಕ್ಕಿಂತ ಬಹಳ ಉದ್ದವಾದರೆ 4ನೆಯ ಮಾತ್ರೆಯ ಹೊಡೆತದ ಹೊತ್ತಿಗೂ ಪಿಯಾನೊ ಇನ್ನೂ ಬಾಗಿಕೊಂಡೇ ಇರುತ್ತದೆ, ತಕಿಟದ ಲೆಕ್ಕವೆಲ್ಲ ನೀರುಪಾಲು.

ತತ್ವಪದದ ವಿಚಾರ. ಕಡಕೋಳ ಮಡಿವಾಳಪ್ಪನವರಂಥ ಹಳಬರ ಪದಗಳಿಗೆ ಹಕ್ಕುಸ್ವಾಮ್ಯದ ತಕರಾರಿಲ್ಲ. ನಮ್ಮ ಕಾನೂನಿನಲ್ಲಿ ಕವಿ ತೀರಿಕೊಂಡ 60 ವರ್ಷಕ್ಕೆ ಅದು ಮುಗಿಯುತ್ತದೆ. ಹಾಡಿದವರ ಧ್ವನಿ ಬೇರೆ ಮಾತು. ಹಿರಿಯರನ್ನು ಕೂರಿಸಿಕೊಂಡು, ಇದರ ಕೆಳಗೆ ಡ್ಯಾನ್ಸ್ ಬೀಟ್ ಬರುತ್ತದೆ ಎಂದು ತೋರಿಸಿ, ಕೇಳಿಸಿ, ಒಪ್ಪಿದರೆ ಮುದ್ರಿಸಿ. ನನ್ನನ್ನು ಕೇಳಿದರೆ, ಆ ಸಾಲನ್ನು ಬೀಟ್ ನಿಲ್ಲುವ ಜಾಗದಲ್ಲಿ, ಪಿಯಾನೊ ಒಂಟಿಯಾಗಿರುವ ಎಂಟು ಬಾರುಗಳಲ್ಲಿ ಇಡಿ. 124ರ ವೇಗದಲ್ಲಿ ಅದು ಹದಿನೈದೂವರೆ ಸೆಕೆಂಡ್, ಒಂದು ಸಾಲಿಗೆ ಧಾರಾಳ. ಅವರು ಅಜ್ಜನ ಪೇಟಿಯ ಶ್ರುತಿಗೇ ಹಾಡುವವರಾದರೆ ಮೊದಲು ಮೊಬೈಲಿನ ಟ್ಯೂನರ್‌ನಲ್ಲಿ ಪೇಟಿಯನ್ನು ಅಳೆಯಿರಿ. ಹಳೆಯ ಪೇಟಿಗಳು ಕಂಪ್ಯೂಟರಿನ 440 ಹರ್ಟ್ಸ್ ಶ್ರುತಿಗೆ ತುಸು ಮೇಲೋ ಕೆಳಗೋ ಇರುವುದುಂಟು. ಪೇಟಿಯನ್ನು ಬಿಚ್ಚಿಸಲು ಹೋಗಬೇಡಿ, ಸಾಫ್ಟ್‌ವೇರಿನ ಪಿಯಾನೊವನ್ನು ಅದಕ್ಕೆ ಹೊಂದಿಸಿ.

ಕೊನೆಯ ಕಡತವನ್ನು ಡಬ್ಲ್ಯುಎವಿ ರೂಪದಲ್ಲಿ ತೆಗೆಯಿರಿ, ಧ್ವನಿ ಮೀರದಂತೆ ತಡೆಯುವ ಲಿಮಿಟರಿನ ಮಿತಿ ಮೈನಸ್ 1 ಡೆಸಿಬಲ್ ಇರಲಿ. ಡಿಜೆಯವರಿಗೆ ಪೆನ್‌ಡ್ರೈವಿನಲ್ಲೇ ಕೊಡಿ, ವಾಟ್ಸ್‌ಆ್ಯಪ್ ಸ್ಟೇಟಸ್‌ನಿಂದ ಇಳಿಸಿಕೊಂಡ ಪ್ರತಿ ಅವರ ಕೈಗೆ ಸಿಗದಂತೆ ನೋಡಿಕೊಳ್ಳಿ. ಪೆನ್‌ಡ್ರೈವಿನಲ್ಲಿ ಒಂದೇ ಹಾಡಿನ ಎರಡು ಪ್ರತಿಗಳಿರಲಿ: ಒಂದು ನಿಮಗೆ ಸರಿ ಎನಿಸಿದ್ದು, ಇನ್ನೊಂದು ಬೇಸ್ 3 ಡೆಸಿಬಲ್ ಕಡಿಮೆ ಮಾಡಿದ್ದು. ಮುಂದಿನ ಮದುವೆಯಲ್ಲಿ ಮೆರವಣಿಗೆ ಹೊರಡುವ ಹೊತ್ತಿಗೆ ಹೋಗಬೇಡಿ. ಮಧ್ಯಾಹ್ನ ಅವರು ವಾಹನದ ಮೇಲೆ ಪೆಟ್ಟಿಗೆ ಜೋಡಿಸುತ್ತಿರುವಾಗ ಎರಡು ಕಪ್ ಚಹಾ ಹಿಡಿದುಕೊಂಡು ಹೋಗಿ, ಎರಡೂ ಪ್ರತಿಗಳನ್ನು ಒಂದೊಂದು ನಿಮಿಷ ಹಾಕಿಸಿ. ಪಕ್ಕದಲ್ಲಿ ನಿಲ್ಲಬೇಡಿ, ಐವತ್ತು ಹೆಜ್ಜೆ ದೂರ ಹೋಗಿ ನಿಂತು 4ನೆಯ ಮಾತ್ರೆಯ ಹೊಡೆತ ಬಿಡಿಯಾಗಿ ಕೇಳಿಸುತ್ತದೆಯೇ ನೋಡಿ. ಯಾವುದರಲ್ಲಿ ಕೇಳಿಸಿತು ಎಂದು ಬರೆದು ತಿಳಿಸಿ.